ಎಲೆ ನೆನೆಯುವ ಹೊತ್ತು

ನಮ್ಮೂರಿನಲ್ಲಿ ಓದದೆ ಇಟ್ಟ ಪಾಠ ಭಾರವಾಗುತ್ತದೆ. ದಿನ ಕಳೆದಂತೆ ಪುಸ್ತಕದ ಭಾರ ಏರುತ್ತದೆ, ಓದಿದಷ್ಟು ಇಳಿಯುತ್ತದೆ. ಬೇರೆ ಊರಿನವರು ಇದನ್ನು ಕೇಳಿ ಹುಬ್ಬೇರಿಸುತ್ತಾರೆ. ನಮಗೆ ಅದರಲ್ಲಿ ಹುಬ್ಬೇರಿಸುವಂಥದ್ದೇನೂ ಕಾಣುವುದಿಲ್ಲ. ನಮ್ಮ ಹೈಸ್ಕೂಲಿಗೆ ಮಹಡಿ ಕಟ್ಟಿಸಿಲ್ಲ, ಬೆಂಚುಗಳೆಲ್ಲ ಚಪ್ಪಡಿ ಕಲ್ಲಿನವು, ಅಷ್ಟೇ. ಹೋಂವರ್ಕ್ ಮಾಡಿದೆಯಾ ಎಂದು ಮೇಷ್ಟ್ರು ಯಾರನ್ನೂ ಕೇಳುವುದಿಲ್ಲ. ಬೆಳಿಗ್ಗೆ ಗೇಟಿನಲ್ಲಿ ನಿಂತು ಒಬ್ಬೊಬ್ಬರ ಚೀಲ ಎತ್ತಿ ನೋಡಿ ಒಳಗೆ ಬಿಡುತ್ತಾರೆ. ಹಾಗಾಗಿ ನಮ್ಮೂರ ಮೇಷ್ಟ್ರುಗಳಿಗೆಲ್ಲ ಸೊಂಟನೋವು. ಗಂಡು ನೋಡಲು ಹೋದ ಹಿರಿಯರು ಮಾತಿನ ಮಧ್ಯೆ ಸುಮ್ಮನೆ ಎಂಬಂತೆ ಎದ್ದು ಹುಡುಗನ ಪುಸ್ತಕವೊಂದನ್ನು ಎತ್ತಿ ನೋಡುತ್ತಾರೆ. ಎತ್ತುವಾಗ ಮುಖ ಕೆಂಪಾಯಿತೋ, ಕಾಫಿ ಕುಡಿದು ಹೊರಟುಬಿಡುತ್ತಾರೆ.

ಭಾರ ಅಂತ ಒಂದು ಸಿಕ್ಕಮೇಲೆ ಜನ ಅದನ್ನು ಸುಮ್ಮನೆ ಬಿಡುತ್ತಾರೆಯೇ. ಮೇಲಿನ ಬೀದಿಯವರು ಮೇಕೆಯನ್ನು ಮಗನ ವ್ಯಾಕರಣದ ಪುಸ್ತಕಕ್ಕೆ ಕಟ್ಟುತ್ತಾರೆ. ಬಸ್ ಸ್ಟ್ಯಾಂಡಿನ ಹೋಟೆಲಿನವರು ಮಗ ಫೇಲಾದ ವರ್ಷ ಅವನ ಗಣಿತದ ಪುಸ್ತಕವನ್ನು ಹಿಟ್ಟಿನ ಡ್ರಮ್ಮಿನ ಮುಚ್ಚಳದ ಮೇಲಿಟ್ಟರು, ಇಲಿಯ ಕಾಟ ತಪ್ಪಿತು. ಆದರೆ ನನ್ನ ಪಕ್ಕದ ಮನೆಯ ಚಿಕ್ಕತಾಯಮ್ಮ ಮಗಳ ಪುಸ್ತಕವನ್ನು ಬಳಸಿಕೊಂಡ ಹಾಗೆ ಊರಲ್ಲಿ ಇನ್ನೊಬ್ಬರು ಬಳಸಿಕೊಂಡಿಲ್ಲ. ಅವರ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಕಿಟಕಿಯ ಹತ್ತಿರ ಕೂತು ರವಿಕೆ ಹೊಲಿಯುವುದು ನನ್ನ ಕೆಲಸ, ಮಿಕ್ಕ ಹೊತ್ತು ಮಾತಾಡುವುದು. ಕಮಲಕ್ಕನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಊರೇ ಹೇಳುತ್ತದೆ. ಸುಳ್ಳೇನಲ್ಲ.

ಚಿಕ್ಕತಾಯಮ್ಮ ಮುತ್ತುಗದ ಎಲೆ ಹಚ್ಚುತ್ತಾಳೆ. ಒಣಗಿದ ಎಲೆಯನ್ನು ನೀರಿಗೆ ಹಾಕಿ, ನೆನೆದು ಮೆತ್ತಗಾದ ಮೇಲೆ ಬಿದಿರುಕಡ್ಡಿಯಿಂದ ಒಂದಕ್ಕೊಂದು ಚುಚ್ಚಿ, ದುಂಡಗೆ ಊಟದೆಲೆ ಮಾಡಿ, ಒಂದರ ಮೇಲೊಂದು ಪೇರಿಸಿ, ಮೇಲೊಂದು ಹಲಗೆಯಿಟ್ಟು ಭಾರ ಹೇರುತ್ತಾಳೆ. ಭಾರ ಸಾಲದಿದ್ದರೆ ಎಲೆಯ ಅಂಚು ಸುರುಟಿಕೊಂಡು ಬಡಿಸಿದ ಸಾರೆಲ್ಲ ಉಣ್ಣುವವರ ಮಡಿಲಿಗೆ ಬರುತ್ತದೆ. ಭಾರ ಹೆಚ್ಚಾದರೆ ಎಲೆ ಒಡೆಯುತ್ತದೆ. ಎರಡರ ನಡುವಿನ ಹದ ಸಿಗದೆ ಅವಳು ಬಹಳ ಕಷ್ಟಪಟ್ಟವಳು.

ಆಗ ಮಗಳು ನೀಲವೇಣಿ ಹತ್ತನೇ ಕ್ಲಾಸಿನಲ್ಲಿ ವಿಜ್ಞಾನದಲ್ಲಿ ಫೇಲಾದಳು. ಮಿಕ್ಕದ್ದೆಲ್ಲ ಪಾಸು. ನಾಚಿಕೆಗೆ ಆ ಪುಸ್ತಕದ ಮುಖ ನೋಡಲಾರದೆ ಮೂಲೆಯಲ್ಲಿಟ್ಟಳು, ನಾಳೆಯಿಂದ ಓದುತ್ತೇನೆ ಎಂದಳು. ಕಸ ಗುಡಿಸುವಾಗ ಅದು ಚಿಕ್ಕತಾಯಮ್ಮನ ಕೈಗೆ ಸಿಕ್ಕಿತು, ಭಾರವಾಗಿತ್ತು, ಪಕ್ಕದಲ್ಲೇ ಇದ್ದ ಎಲೆ ಕಟ್ಟಿನ ಮೇಲಿಟ್ಟಳು. ಯೋಚಿಸಿ ಇಟ್ಟದ್ದಲ್ಲ. ಆದರೆ ಆ ಕಟ್ಟಿನಿಂದ ಹೊರಬಂದ ಎಲೆಗಳು ಎಷ್ಟು ಮಟ್ಟಸವಾಗಿದ್ದವೆಂದರೆ ಸುತ್ತಲಿನ ಊರುಗಳ ಮದುವೆ ಮನೆಯವರು ಅವಳ ಎಲೆಯೇ ಬೇಕು ಎಂದು ಹುಡುಕಿಕೊಂಡು ಬರತೊಡಗಿದರು. ಪುಸ್ತಕ ಭಾರವಾದಂತೆ ಅದರ ಕೆಳಗಿನ ಕಟ್ಟೂ ಎತ್ತರವಾಯಿತು. ಎಲೆ ತೆಗೆಯಬೇಕಾದರೆ ಹಲಗೆಯ ಕೆಳಗೆ ಹಾರೆ ತೂರಿ ತಾಯಿ ಮೀಟುವಳು, ಮಗಳು ಎಳೆದುಕೊಳ್ಳುವಳು.

ಹೀಗೆ ಇಬ್ಬರಿಗೂ ಅನುಕೂಲವೇ ಆಯಿತು. "ಪುಸ್ತಕ ತಗೊಂಡ್ರೆ ಎಲೆ ಸುರುಟುತ್ತಲ್ಲಮ್ಮ" ಎಂದು ಮಗಳು. "ಹೂಂ, ಈ ಕಟ್ಟು ಹೋಗ್ಲಿ, ಆಮೇಲೆ ಓದ್ಕೊಳ್ಳುವಂತೆ" ಎಂದು ತಾಯಿ. ಒಂದು ಕಟ್ಟು ಹೋಗುವಷ್ಟರಲ್ಲಿ ಇನ್ನೊಂದು ಮದುವೆ ನಿಶ್ಚಯವಾಗಿರುತ್ತಿತ್ತು. ಗೋಡೆಯ ಈಚೆಯಿಂದ ಕೇಳುತ್ತಿದ್ದ ನನಗೆ ಆಗಲೇ ಅನ್ನಿಸುತ್ತಿತ್ತು, ಇದು ಚೆನ್ನಾಗಿಲ್ಲ ಎಂದು.

ಒಂದು ಭಾನುವಾರ ವಿಜ್ಞಾನದ ಮೇಷ್ಟ್ರು ಕಪನಯ್ಯ ಅವರ ಮನೆಗೆ ಬಂದರು. ಬಂದವರೇ ಅಭ್ಯಾಸಬಲದಿಂದ ಕಟ್ಟಿನ ಮೇಲಿದ್ದ ಪುಸ್ತಕಕ್ಕೆ ಕೈಹಾಕಿ ಎತ್ತಲು ಹೋಗಿ, ಸೊಂಟ ಹಿಡಿದುಕೊಂಡು ಅಲ್ಲೇ ಕುಳಿತರು. ಚಿಕ್ಕತಾಯಮ್ಮ ಓಡಿಬಂದು ನೀರು ಕೊಟ್ಟಳು. ನಾನೂ ಬೆನ್ನಿಗೆ ಹಚ್ಚುವ ಎಣ್ಣೆ ಹಿಡಿದುಕೊಂಡು ಹೋದೆ, ವಿಷಯ ಏನೆಂದು ತಿಳಿಯಬೇಕಲ್ಲ.

"ಚಿಕ್ಕತಾಯಮ್ಮ, ಬರೋ ಪರೀಕ್ಷೆನೇ ಕೊನೇದು. ಮುಂದಿನ ವರ್ಷ ಪುಸ್ತಕ ಬದಲಾಗುತ್ತೆ. ಹಳೇ ಪುಸ್ತಕದವರಿಗೆ ಆಮೇಲೆ ಪರೀಕ್ಷೆ ಇಲ್ಲ. ಒಂದು ಸಬ್ಜೆಕ್ಟು. ಇದೊಂದು ಪಾಸಾದ್ರೆ ಹುಡುಗಿ ಕಾಲೇಜಿಗೆ ಹೋಗ್ತಾಳೆ" ಎಂದರು ಮೇಷ್ಟ್ರು.

"ಪರೀಕ್ಷೆ ಹತ್ರ ಬರ್ಲಿ ಸಾರ್, ಹಮಾಲಿಗಳನ್ನ ಕರೆಸಿ ಬಿಚ್ಚಿಸ್ತೀನಿ."

"ಹೋದ ಸಲ ಬಿಚ್ಚಿಸಿದ್ರಲ್ಲ, ಏನಾಯ್ತು?"

ಚಿಕ್ಕತಾಯಮ್ಮ ನೀರಿನ ಲೋಟ ಎತ್ತಿಕೊಂಡು ಒಳಗೆ ಹೋದಳು. ಹಮಾಲಿಗಳನ್ನು ಕರೆಸಿ ಹಾರೆಯಿಂದ ಪುಸ್ತಕ ಬಿಚ್ಚಿಸಿ ಒಂದೇ ಉಸಿರಿಗೆ ಓದಿಬಿಡುವುದು ನಮ್ಮೂರಿನ ಹಳೆಯ ಪದ್ಧತಿ. ಹಾಗೆ ಓದಿದ ಪುಸ್ತಕ ಹಗುರಾಗುವುದೇನೋ ನಿಜ, ಪರೀಕ್ಷೆಯ ಗೇಟಿನವರೆಗೆ. ಒಳಗೆ ಕೂತು ಪ್ರಶ್ನೆಪತ್ರಿಕೆ ನೋಡುವಷ್ಟರಲ್ಲಿ ಹೊರಗಿಟ್ಟ ಚೀಲ ಮತ್ತೆ ಮಣ್ಣಿಗೆ ಕಚ್ಚಿಕೊಂಡಿರುತ್ತದೆ. ಹೋದ ವರ್ಷ ನೀಲವೇಣಿಗೆ ಆದದ್ದೂ ಅದೇ.

ಮೇಷ್ಟ್ರು ಹೋದ ಮೇಲೆ ನೀಲವೇಣಿ ಪುಸ್ತಕದ ರಟ್ಟಿಗೆ ಎರಡೂ ಕೈ ಹಾಕಿ ಎತ್ತಲು ನೋಡಿದಳು. ಅದು ಜಗ್ಗಲಿಲ್ಲ. ಹಿತ್ತಿಲಿಗೆ ಬಂದು ಗಿಡ್ಡಗೋಡೆಯ ಮೇಲೆ ಗಲ್ಲವಿಟ್ಟು ನಿಂತಳು. ಕಾಲೇಜು ಇರುವುದು ಹೊಳೆಯಾಚೆ. ಅವಳ ಜೊತೆ ಓದಿದ ಪದ್ಮಿನಿ ದಿನಾ ಬೆಳಿಗ್ಗೆ ಸೇತುವೆ ದಾಟಿ ಹೋಗುತ್ತಾಳೆ, ನೀಲವೇಣಿಯನ್ನು ಕಂಡರೆ ಕೈಬೀಸುತ್ತಾಳೆ. ಇತ್ತೀಚೆಗೆ ಇವಳು ಆ ಹೊತ್ತಿಗೆ ಒಳಗೆ ಹೋಗಿಬಿಡುತ್ತಿದ್ದಳು.

"ನಂಗೂ ಹೋಗ್ಬೇಕು ಅತ್ತೆ. ಆದ್ರೆ ಆ ಪುಸ್ತಕ ನೋಡಿದ್ರೇನೇ ಬೇರೆ ಯಾವ್ದೋ ಕೆಲಸ ನೆನಪಾಗುತ್ತೆ. ನಾಳೆ ಅಂದ್ಬಿಟ್ರೆ ಸಮಾಧಾನ. ಮಾರನೇ ದಿನ ನೋಡಿದ್ರೆ ಇನ್ನೂ ಭಾರ" ಎಂದಳು. ನಾನು ಚಕ್ಕುಲಿ ಕೊಟ್ಟು ಕಳಿಸಿದೆ.

ಬೆಳಿಗ್ಗೆ ಎಲೆಯನ್ನು ನೀರಿಗೆ ಹಾಕಿದ ಮೇಲೆ ಅದು ನೆನೆಯುವ ತನಕ ಆ ಮನೆಯಲ್ಲಿ ಯಾರಿಗೂ ಕೆಲಸವಿರುವುದಿಲ್ಲ. ಚಿಕ್ಕತಾಯಮ್ಮ ಹೊಳೆಗೆ ಬಟ್ಟೆ ಒಗೆಯಲು ಹೋಗುತ್ತಾಳೆ, ನೀಲವೇಣಿ ಕಡ್ಡಿ ಸೀಳುತ್ತ ಕೂರುತ್ತಾಳೆ. ಒಂದು ದಿನ ಸೀಳಿದ ಕಡ್ಡಿ ಎಷ್ಟು ತೆಳ್ಳಗಿದೆ ನೋಡೋಣ ಎಂದು ಅವಳು ಅದನ್ನು ಪುಸ್ತಕದ ಹಾಳೆಗಳ ನಡುವೆ ತೂರಿಸಿದಳಂತೆ. ಕಡ್ಡಿ ಹೋಯಿತು. ಪಕ್ಕದಲ್ಲಿ ಇನ್ನೊಂದು ತೂರಿಸಿದಳು. ಹಾಳೆ ಕೂದಲೆಳೆಯಷ್ಟು ಬಾಯಿಬಿಟ್ಟಿತು. ಬಗ್ಗಿ ಕಣ್ಣು ಕಿರಿದು ಮಾಡಿ ನೋಡಿದರೆ ಒಂದು ಸಾಲು, ಕನ್ನಡಿಗೆ ಬಡಿದ ಬೆಳಕು ಯಾವ ಕೋನದಲ್ಲಿ ಹಿಂದಿರುಗುತ್ತದೆ ಎಂಬುದು. ಓದಿದಳು. ಕೆಳಗಿನ ಸಾಲಿನ ತಲೆ ಮಾತ್ರ ಕಾಣುತ್ತಿತ್ತು, ಅದನ್ನೂ ಓದಬೇಕೆನಿಸಿತು. ಅಷ್ಟರಲ್ಲಿ ಎಲೆ ನೆನೆದಿತ್ತು. ಕಡ್ಡಿ ಎಳೆದುಕೊಂಡು ಎದ್ದಳು.

ಮಾರನೆಯ ದಿನ ಎಲೆ ನೀರಿಗೆ ಬಿದ್ದದ್ದೇ ಮತ್ತೆ ಕಡ್ಡಿ ಹಿಡಿದಳು. ಈ ಸಲ ಅದು ಸ್ವಲ್ಪ ಸಲೀಸಾಗಿ ಹೋಯಿತು. ಹೀಗೆ ದಿನಾ. ಎಲೆ ನೆನೆಯುವಷ್ಟು ಹೊತ್ತು ಮಾತ್ರ ಓದು, ನೆನೆಯಿತೋ, ಸಾಲು ಅರ್ಧದಲ್ಲಿದ್ದರೂ ಸರಿ, ಕಡ್ಡಿ ಹೊರಗೆ. ಮಿಕ್ಕರ್ಧ ಸಾಲು ತಲೆಯಲ್ಲಿ ಕೊರೆಯುತ್ತಿರುತ್ತಿತ್ತಂತೆ, ಅದನ್ನು ನೋಡಲೆಂದೇ ಬೆಳಿಗ್ಗೆ ಬೇಗ ಏಳುತ್ತಿದ್ದಳಂತೆ. ಅವಳನ್ನು ಎಬ್ಬಿಸಲು ತಾಯಿ ಕೂಗುತ್ತಿದ್ದ ಕೂಗು ನಿಂತದ್ದನ್ನು ನಾನೂ ಗಮನಿಸಿದೆ.

"ಅತ್ತೆ, ಅಮ್ಮಂಗೆ ಹೇಳ್ಬೇಡಿ. ಹೇಳಿದ್ರೆ ಎಷ್ಟು ಓದ್ದೆ, ಎಷ್ಟು ಓದ್ದೆ ಅಂತ ದಿನಾ ಕೇಳ್ತಾಳೆ. ಕೇಳಿದ್ರೆ ನಂಗೆ ಕೈಕಾಲೇ ಆಡಲ್ಲ. ಅಲ್ಲದೆ ಭಾರ ಇಳಿದ್ರೆ ಎಲೆ ಸುರುಟುತ್ತೆ ಅಂತ ಬೇರೆ ಹೆದರ್ಕೊಳ್ತಾಳೆ" ಎಂದಳು ಗಿಡ್ಡಗೋಡೆಯ ಮೇಲಿಂದ.

ನಾನು ತುಟಿಗೆ ಬೀಗ ಹಾಕಿಕೊಂಡೆ. ನನ್ನಂಥವಳಿಗೆ ಅದೆಂಥ ಹಿಂಸೆ ಎಂದು ಯಾರಿಗೆ ಹೇಳಲಿ.

ಕೆಲವು ದಿನ ಕಳೆದ ಮೇಲೆ ನನ್ನ ಹಿತ್ತಿಲಿನ ಕಲ್ಲುಗಳು ಕಾಣೆಯಾಗತೊಡಗಿದವು. ಬಚ್ಚಲ ನೀರು ಹೋಗುವ ದಾರಿಗೆ ಹಾಸಿ ಉಳಿದ ಹೊಳೆಗಲ್ಲು, ಬಾಳೆಬುಡದಲ್ಲಿ ಗುಡ್ಡೆ ಹಾಕಿದ್ದೆ. ಕಲ್ಲನ್ನು ಕದಿಯುವವರು ಯಾರಪ್ಪ ಎಂದು ಕಾದು ಕೂತರೆ ಸೆರಗಿನಲ್ಲೊಂದು ಕಲ್ಲು ಮುಚ್ಚಿಕೊಂಡು ಹೊರಟವಳು ಚಿಕ್ಕತಾಯಮ್ಮ.

"ಕೂಗ್ಬೇಡ ಕಮಲಕ್ಕ" ಎಂದಳು ಪಿಸುಮಾತಿನಲ್ಲಿ. "ಹೋದ ವಾರ ಅಂಚಿನ ಎಲೆ ಒಂದು ಸುರುಟಿತ್ತು. ಎಲೆ ತಂದುಕೊಟ್ಟೋನಿಗೆ ಬೈದೆ. ಆಮೇಲೆ ನೋಡಿದ್ರೆ ಪುಸ್ತಕದಲ್ಲಿ ಒಂದು ಕಡ್ಡಿ ಸಿಕ್ಕಿಕೊಂಡಿತ್ತು. ಹುಡುಗಿ ಓದ್ತಿದಾಳೆ ಕಣೆ."

"ಹೌದಾ" ಎಂದೆ, ಏನೂ ಗೊತ್ತಿಲ್ಲದವಳ ಹಾಗೆ.

"ಅವಳು ಓದಿದಷ್ಟು ಭಾರ ನಾನು ಹಲಗೆ ಮೇಲೆ ಹಿಂದುಗಡೆ ಗೋಣಿತಾಟು ಮುಚ್ಚಿ ಇಡ್ತಾ ಬಂದಿದೀನಿ. ದಿನಕ್ಕೊಂದು ಕಲ್ಲು. ಮದುವೆ ಎಲೆ ಕೆಡಲ್ಲ, ಅವಳಿಗೂ ಚಿಂತೆ ಇಲ್ಲ. ಅವಳಿಗೆ ಹೇಳ್ಬೇಡ ನೀನು. ನಾನು ನೋಡ್ತಿದೀನಿ ಅಂತ ಗೊತ್ತಾದ್ರೆ ಬಿಟ್ಬಿಡ್ತಾಳೆ. ನನ್ನ ಮಗಳು ನಂಗೊತ್ತಿಲ್ವಾ."

ಇಷ್ಟು ದಿನ ಇವರಿಬ್ಬರಿಗೆ ಕಲ್ಲಿನ ಯೋಚನೆ ಯಾಕೆ ಬರಲಿಲ್ಲವೋ. ಹೊಳೆಯ ತುಂಬ ಕಲ್ಲು. ಭಾರ ಬೇಕೆಂದರೆ ಪುಸ್ತಕ ಹುಡುಕುವುದು ನಮ್ಮೂರಿನವರಿಗೆ ಅಷ್ಟು ರೂಢಿಯಾಗಿಹೋಗಿತ್ತು. ಅಂತೂ ಗಿಡ್ಡಗೋಡೆಯ ಮೇಲಿಂದ ಮಗಳ ಗುಟ್ಟು, ಬಾಳೆಯ ಬುಡದಿಂದ ತಾಯಿಯ ಗುಟ್ಟು, ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡು ನಾನು ಹೊಲಿದ ರವಿಕೆಗಳ ತೋಳುಗಳೆಲ್ಲ ಅದಲುಬದಲಾದವು.

ಪರೀಕ್ಷೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಪುಸ್ತಕವೀಗ ಕಡ್ಡಿಯಿಲ್ಲದೆ ಕೈಯಲ್ಲೇ ತೆರೆದುಕೊಳ್ಳುತ್ತಿತ್ತು. ನೀಲವೇಣಿ ಬೆಳಕು ಮುಗಿಸಿದಳು, ಆಮ್ಲ ಕ್ಷಾರ ಮುಗಿಸಿದಳು, ಹೃದಯದ ಚಿತ್ರವನ್ನು ನೆಲದ ಮೇಲೆ ಎಲೆಯ ಚೂರಿನಲ್ಲಿ ಜೋಡಿಸಿ ನನಗೆ ತೋರಿಸಿದಳು. ಆಮೇಲೆ ವಿದ್ಯುತ್ತಿನ ಪಾಠ ಬಂತು. ಹೋದ ವರ್ಷ ಪರೀಕ್ಷೆಯಲ್ಲಿ ಅದೇ ಪಾಠದ ಪ್ರಶ್ನೆ ನೋಡಿ ಅವಳು ಪೆನ್ನು ಕೆಳಗಿಟ್ಟು ಅತ್ತಿದ್ದಳು. ಈಗ ಪುಟ ತೆರೆದದ್ದೇ ಪುಸ್ತಕ ಮುಚ್ಚಿದಳು. ಅವತ್ತು ಎಲೆ ನೆನೆಯುವ ತನಕ ಬೆಕ್ಕಿನ ಬೆನ್ನು ಕೆರೆಯುತ್ತ ಕೂತಳು. ಮಾರನೆಯ ದಿನವೂ ಬೆಕ್ಕು. ಅದರ ಮಾರನೆಯ ದಿನ ಪದ್ಮಿನಿಯ ಅಕ್ಕನ ಸೀಮಂತಕ್ಕೆ ಹೋದಳು.

"ಓದಲ್ವೇನೇ?" ಎಂದೆ.

"ನಾಳೆ ನೋಡ್ತೀನಿ ಅತ್ತೆ."

ಅವಳು ನಿಲ್ಲಿಸಿದ್ದಾಳೆ, ಪುಸ್ತಕದ ಭಾರ ಮತ್ತೆ ಏರುತ್ತಿದೆ. ಇತ್ತ ತಾಯಿ ಮಗಳು ಓದುತ್ತಿದ್ದಾಳೆ ಎಂದು ನಂಬಿಕೊಂಡು ದಿನಾ ಕಲ್ಲು ಒಯ್ಯುತ್ತಿದ್ದಾಳೆ. ಕೆಳಗೆ ದೊಡ್ಡ ಮದುವೆಯ ಎಲೆ. ಚಿಕ್ಕತಾಯಮ್ಮನಿಗೆ "ಎರಡು ದಿನ ಕಲ್ಲು ಬೇಡವೇನೋ" ಎಂದೆ. ಅವಳು ಕಲ್ಲು ಕೊಡಲು ನನಗೆ ಜಿಪುಣತನ ಎಂದುಕೊಂಡಳು. ನೀಲವೇಣಿಗೆ "ಎಲೆಯ ಕಟ್ಟನ್ನೊಮ್ಮೆ ನೋಡು" ಎಂದೆ. ಅವಳು ಮುಂದುಗಡೆ ನೋಡಿ "ಮಟ್ಟಸವಾಗೇ ಇದೆಯಲ್ಲ" ಎಂದಳು. ಇನ್ನು ಯಾರ ಮಾತು ಮುರಿಯಲಿ ಎಂದು ನಾನು ಒದ್ದಾಡುತ್ತಿರುವಾಗಲೇ ಒಂದು ಮಧ್ಯಾಹ್ನ ಗೋಡೆಯಾಚೆ ಚಟಚಟ ಎಂದು ಸದ್ದಾಯಿತು. ಸೂಜಿ ಬಿಟ್ಟು ಓಡಿದೆ.

ಕಟ್ಟಿನ ಕೆಳಗಿನ ಎಲೆಗಳು ಒಡೆದಿದ್ದವು. ಚಿಕ್ಕತಾಯಮ್ಮ ತಲೆಯ ಮೇಲೆ ಕೈಹೊತ್ತು ನಿಂತಿದ್ದಳು. ನೀಲವೇಣಿ ಭಾರ ಇಳಿಸಲು ಹೋಗಿ ಗೋಣಿತಾಟು ಎಳೆದಳು. ಹಿಂದುಗಡೆಯಿಂದ ಹೊಳೆಗಲ್ಲುಗಳು ಒಂದೊಂದಾಗಿ ನೆಲಕ್ಕೆ ಉರುಳಿದವು.

"ಇದೇನಮ್ಮ ಇಷ್ಟೊಂದು ಕಲ್ಲು?"

"ನೀನು ಓದಿದ್ದು" ಎಂದಳು ತಾಯಿ. "ನೀನು ಓದಿ ಇಳಿಸಿದಷ್ಟು ನಾನು ಇಟ್ಕೊಂಡು ಬಂದೆ. ಇಷ್ಟು ಓದಿದೀಯ ನೋಡು."

ನೀಲವೇಣಿ ಉರುಳಿದ ಕಲ್ಲುಗಳನ್ನೇ ನೋಡಿದಳು. ಬಹಳ ಇದ್ದವು. ಅಷ್ಟು ಓದಿದ್ದೇನೆ ಎಂದು ಅವಳಿಗೇ ಗೊತ್ತಿರಲಿಲ್ಲ. ಆಮೇಲೆ ಅವಳ ಮುಖ ಸಣ್ಣದಾಯಿತು. "ನಾಲ್ಕೈದು ದಿನದಿಂದ ಓದ್ಲಿಲ್ಲಮ್ಮ. ಕರೆಂಟಿನ ಪಾಠ ಬಂತು. ಹೆದರಿಕೆ ಆಯ್ತು. ನನ್ನಿಂದಾನೇ ಎಲೆ ಒಡೀತು."

ಬೈಗುಳ ಬರುತ್ತದೆಂದು ನಾನು ಕಾದೆ. ಚಿಕ್ಕತಾಯಮ್ಮ ಹಾಗೆಲ್ಲ ಸುಮ್ಮನಿರುವ ಹೆಂಗಸಲ್ಲ. ಅವಳು ಹಾರೆ ತಂದಳು. "ಬಾ ಕಮಲಕ್ಕ, ಒಂದು ಕೈ ಹಾಕು" ಎಂದಳು. ಮೂವರೂ ಸೇರಿ ಪುಸ್ತಕವನ್ನು ಕಟ್ಟಿನ ಮೇಲಿಂದ ಜಾರಿಸಿ ನೆಲಕ್ಕೆ ಇಳಿಸಿದೆವು. ಅವಳು ಸೆರಗಿನಿಂದ ಅದರ ಧೂಳು ಒರೆಸಿದಳು, ಉರುಳಿದ ಕಲ್ಲುಗಳಲ್ಲಿ ಬೇಕಾದಷ್ಟನ್ನು ಆರಿಸಿ ಹಲಗೆಯ ಮೇಲಿಟ್ಟಳು.

"ಎಲೆ ಒಡೆದ್ರೆ ಇನ್ನೊಂದು ಹಚ್ಚಬಹುದು. ಇಷ್ಟು ದಿನ ನಿನ್ನ ಪುಸ್ತಕ ನಮ್ಮ ಎಲೆ ಮೇಲೆ ಕೂತಿತ್ತು, ನಾನೂ ಬೇಡ ಅನ್ನಲಿಲ್ಲ. ಇನ್ಮೇಲೆ ಕೂರೋದು ಬೇಡ" ಎಂದಳು. ನೀಲವೇಣಿ ಅಮ್ಮನ ಹೆಗಲಿಗೆ ಮುಖ ಒತ್ತಿ ಅತ್ತಳು. ನಾನೂ ಅತ್ತೆ, ಅಷ್ಟು ದಿನ ಕಟ್ಟಿಕೊಂಡಿದ್ದ ಬಾಯಿ ಬಿಚ್ಚಿದ ಸುಖಕ್ಕೋ ಏನೋ.

ಮದುವೆಗೆ ಎಲೆ ಕೊಡಬೇಕಿತ್ತು. ನಾನೂ ಚಿಕ್ಕತಾಯಮ್ಮನೂ ಕೂತು ಹಚ್ಚತೊಡಗಿದೆವು. ನೀಲವೇಣಿ ಕಡ್ಡಿ ತೆಗೆದುಕೊಳ್ಳಲು ಬಂದರೆ ತಾಯಿ ಕೊಡಲಿಲ್ಲ. "ನೀನು ಜೋರಾಗಿ ಓದು, ನಾವು ಕೇಳ್ತೀವಿ" ಎಂದಳು. ಅವಳು ವಿದ್ಯುತ್ತಿನ ಪಾಠದ ಮೊದಲ ಪುಟದಲ್ಲಿ ಕಡ್ಡಿ ಹಾಕಿ ಒಂದು ಸಾಲು ಓದಿದಳು. ಅರ್ಥವಾಗಲಿಲ್ಲ. ಮತ್ತೆ ಓದಿದಳು. ನನಗಂತೂ ಮೊದಲೇ ಅರ್ಥವಾಗಲಿಲ್ಲ, ಹಾಗೇ ಹೇಳಿದೆ, ಅವಳಿಗೆ ನಗು ಬಂತು. ಮಾರನೆಯ ಬೆಳಿಗ್ಗೆ ಅರ್ಥವಾಗದ ಆ ಸಾಲುಗಳನ್ನು ಹಿಡಿದುಕೊಂಡು ಕಪನಯ್ಯ ಮೇಷ್ಟ್ರ ಮನೆಗೆ ಹೋದಳು. ಅವರು ಹಾಸಿಗೆಯಲ್ಲಿ ಮಲಗಿಯೇ ಟಾರ್ಚು ಬಿಚ್ಚಿ ತೋರಿಸಿ ವಿವರಿಸಿದರಂತೆ. ಆಮೇಲೆ ದಿನಾ ಎಲೆ ನೆನೆಯುವ ಹೊತ್ತಿಗೆ ಗೋಡೆಯಾಚೆ ಓದುವ ಸದ್ದು ಕೇಳುತ್ತಿತ್ತು. ಕೇಳದ ದಿನವೂ ಒಂದೆರಡು ಇದ್ದವು. ಮಾರನೆಯ ದಿನ ಮತ್ತೆ ಕೇಳುತ್ತಿತ್ತು.

ಈ ಸಲ ಹಮಾಲಿಗಳು ಬರಲಿಲ್ಲ. ಪರೀಕ್ಷೆಯ ಬೆಳಿಗ್ಗೆ ಅವಳು ಪುಸ್ತಕವನ್ನು ಮೊರದ ಹಾಗೆ ಕಂಕುಳಲ್ಲಿಟ್ಟುಕೊಂಡು ಹೋದಳು. ಹೊರಬಂದಾಗಲೂ ಅದು ಹಾಗೇ ಹಗುರವಾಗಿತ್ತಂತೆ.

ಫಲಿತಾಂಶದ ದಿನ ಸ್ಕೂಲಿಗೆ ಹೋದವಳು ಓಡಿ ಬರಲಿಲ್ಲ, ನಡೆದೇ ಬಂದಳು. ನಾವಿಬ್ಬರೂ ಜಗಲಿಯ ಮೇಲಿದ್ದೆವು. ದೂರದಿಂದ ಮುಖ ನೋಡಿದರೆ ಏನೂ ತಿಳಿಯಲಿಲ್ಲ. ಮೆಟ್ಟಿಲ ಹತ್ತಿರ ಬಂದು "ಪಾಸಮ್ಮ" ಎಂದಳು. ಫಸ್ಟ್ ಕ್ಲಾಸೇನಲ್ಲ, ಪಾಸು. ಚಿಕ್ಕತಾಯಮ್ಮ ಹೂಂ ಎಂದಳು, ಎದ್ದು ಒಳಗೆ ಹೋದಳು. ಅವಳು ಅಳಲು ಹೋದಳು ಎಂದುಕೊಂಡೆ. ಅಲ್ಲ, ಒಳಗೆ ಪಾತ್ರೆಯ ಸದ್ದಾಯಿತು, ನಮ್ಮಿಬ್ಬರನ್ನೂ ಕರೆದಳು.

ಆ ಮನೆಯಲ್ಲಿ ಯಾರೂ ಮುತ್ತುಗದ ಎಲೆಯಲ್ಲಿ ಉಂಡದ್ದನ್ನು ನಾನು ನೋಡಿರಲಿಲ್ಲ. ಹಚ್ಚಿದ್ದೆಲ್ಲ ಕಂಡವರ ಮದುವೆಗೆ, ತಮಗೆ ಅಲ್ಯೂಮಿನಿಯಂ ತಟ್ಟೆ. ಅವತ್ತು ಚಿಕ್ಕತಾಯಮ್ಮ ಕಲ್ಲುಗಳನ್ನು ಇಳಿಸಿ, ಹಲಗೆ ಸರಿಸಿ, ಕಟ್ಟಿನ ಮೇಲಿನ ಮೂರು ಎಲೆ ತೆಗೆದು ಹಾಸಿದಳು. ಮಗಳ ಎಲೆಗೆ ಮೊದಲು ಅನ್ನ ಹಾಕಿ, ನಡುವೆ ಗುಳಿ ಮಾಡಿ, ಸಾರು ಬಿಟ್ಟಳು. ಬಿಟ್ಟವಳು ಸೌಟು ಹಿಡಿದುಕೊಂಡೇ ನಿಂತು ಎಲೆಯ ಅಂಚನ್ನು ನೋಡಿದಳು. ಸಾರು ಒಂದು ಹನಿಯೂ ಆಚೆ ಹೋಗಲಿಲ್ಲ.

"ಬರೀ ಕಲ್ಲಲ್ಲಿ ಒತ್ತಿದ್ದು. ಹೆಂಗಿದೆ?" ಎಂದಳು.

"ಮಟ್ಟಸವಾಗಿದೆ ಅಮ್ಮ" ಎಂದಳು ನೀಲವೇಣಿ.

"ಮತ್ತೆ ಇನ್ನೇನು, ಧೈರ್ಯವಾಗಿ ಹೋಗು ಕಾಲೇಜಿಗೆ" ಎಂದು ಚಿಕ್ಕತಾಯಮ್ಮ ಮಗಳ ಪಕ್ಕದಲ್ಲಿ ಕುಳಿತಳು. ನಾನು ಎರಡು ಸಲ ಅನ್ನ ಹಾಕಿಸಿಕೊಂಡೆ.